ಬಿ ಭಾಗಕ್ಕೆ ಯಾರ ಸಹಿ?

“ಕಲಿಸವ್ರು ಕಲಿಸಬೇಕು, ಹಿಡಿಯವ್ರು ಹಿಡೀಬೇಕು. ಎರಡೂ ಕೆಲಸ ಒಬ್ಬರ ಕೈಯಾಗ ಇರಬಾರದು ನೋಡವಾ.”

ಕಾಕಾ ತಮ್ಮ ತೀರ್ಪನ್ನು ಮೊದಲಿಗೇ ಹೇಳಿಬಿಟ್ಟರು. ಕಾನ್‌ಸ್ಟೇಬಲ್ ಆಗಿ ಇಲಾಖೆ ಸೇರಿ ಪಿಎಸ್‌ಐ ಆಗಿ ನಿವೃತ್ತರಾದವರು. ರಾಯಬಾಗ, ಅಥಣಿ, ನಿಪ್ಪಾಣಿ ಮೂರೂ ಕಡೆ ಠಾಣೆಯ ನೀರು ಕುಡಿದವರು. ಅವರೊಡನೆ ವಾದಕ್ಕೆ ಇಳಿದಿರುವುದು ಅಣ್ಣನ ಮಗಳು, ಚಿಕ್ಕೋಡಿ ಭಾಗದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೈಬರ್ ಭದ್ರತೆ ಕಲಿಸುವ ಪ್ರಾಧ್ಯಾಪಕಿ. ಪೊಲೀಸರಿಗೆ ತರಬೇತಿ ಕೊಡುವುದು, ಕೇಳಿದಾಗ ಡಿಜಿಟಲ್ ಸಾಕ್ಷ್ಯ ಪರೀಕ್ಷಿಸಿ ಕೋರ್ಟಿಗೆ ಹೇಳುವುದು, ಇವೆರಡನ್ನೂ ಪಾಠದ ಜೊತೆಗೇ ಮಾಡಬೇಕು ಎಂಬುದು ಅವರ ಹಟ.

“ಯಾಕ ಇರಬಾರದು ಕಾಕಾ?”

“ಹಿಡಿಯವಂಗ ಅವಸರ ಇರ್ತೈತಿ. ಮ್ಯಾಲಿನವ್ರ ಫೋನು, ಪೇಪರಿನವ್ರ ಕಾಟ, ರೊಕ್ಕ ಕಳಕೊಂಡವ್ರ ಅಳು. ನೀ ಠಾಣೇಕ ಬಂದಿ ಅಂದ್ರ ‘ಮೇಡಂ, ಇಂವನ ಮಾಡ್ಯಾನ ಅಂತ ಬರದ ಕೊಡ್ರಿ’ ಅಂತಾರ. ಏನ ಮಾಡ್ತಿ?”

“ಯಾರ ಮಾಡ್ಯಾರ ಅಂತ ನಾ ಬರಿಯೂದ ಇಲ್ಲ. ಈ ಫೋನಿನ್ಯಾಗ ಈ ಫೈಲ್ ಇತ್ತು, ಇಂಥಾ ತಾರೀಖಿಗೆ ಬಂದಿತ್ತು, ನಾ ನೋಡಿದ ಮ್ಯಾಲೆ ಅದರಾಗ ಒಂದಕ್ಷರ ಬದಲಾಗಿಲ್ಲ. ಅಷ್ಟ ಬರೀತೀನಿ.”

“ಅದನ್ನ ಬರಿಯಾಕ ಸರ್ಕಾರಿ ವಿಧಿವಿಜ್ಞಾನ ಲ್ಯಾಬ್ ಎಫ್‌ಎಸ್‌ಎಲ್ ಐತಿ. ಬೆಂಗಳೂರಾಗ ಐತಿ, ಬೆಳಗಾವ್ಯಾಗೂ ಐತಿ. ಮಾಸ್ತರಗೋಳು ಯಾಕ ಬೇಕು?”

ಕಾಕಾನ ಪ್ರಶ್ನೆ ಸರಿಯಾದದ್ದೇ. ಕೆಲವು ವರ್ಷಗಳ ಹಿಂದೆ ಕೇಳಿದ್ದರೆ ಅದಕ್ಕೆ ಗಟ್ಟಿ ಉತ್ತರ ಸಿಗುತ್ತಿರಲಿಲ್ಲ. 2024ರ ಜುಲೈ 1ರಂದು 1872ರ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂತು. ಹಳೆಯ 65ಬಿ ಕಲಮಿನ ಜಾಗದಲ್ಲಿ ಈಗ 63ನೇ ಕಲಂ ಇದೆ. ವಾಟ್ಸ್‌ಆ್ಯಪ್ ಚಾಟ್, ಸಿಸಿಟಿವಿ ದೃಶ್ಯ, ಕಂಪ್ಯೂಟರಿನಿಂದ ತೆಗೆದ ಬ್ಯಾಂಕ್ ಸ್ಟೇಟ್‌ಮೆಂಟ್ ಇಂಥವುಗಳ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಬೇಕು ಎಂಬ ನಿಯಮ ಮೊದಲೂ ಇತ್ತು. 2014ರಲ್ಲಿ ಅನ್ವರ್ ವಿರುದ್ಧ ಬಶೀರ್ ಪ್ರಕರಣದಲ್ಲಿ, 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಡಾಖಂಡಿತವಾಗಿ ಹೇಳಿತ್ತು. ಹೊಸ ಅಧಿನಿಯಮ ಒಂದು ಹೆಜ್ಜೆ ಮುಂದೆ ಹೋಗಿ ಪ್ರಮಾಣಪತ್ರದ ನಮೂನೆಯನ್ನೇ ಅನುಸೂಚಿಯಲ್ಲಿ ಅಚ್ಚು ಹಾಕಿದೆ. ಅದರಲ್ಲಿ ಎರಡು ಭಾಗ. ಎ ಭಾಗವನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು. ಬಿ ಭಾಗವನ್ನು ತಜ್ಞರು ತುಂಬಬೇಕು.

“ತಜ್ಞರು ಅಂದ್ರ ಯಾರಂತ?”

“ಅಲ್ಲೇ ಐತಿ ನೋಡ್ರಿ ಗಂಟು. 63ನೇ ಕಲಮಿನ್ಯಾಗ ಅದರ ವ್ಯಾಖ್ಯಾನಾನ ಇಲ್ಲ. ಐಟಿ ಕಾಯ್ದೆ 79ಎ ಪ್ರಕಾರ ಸರ್ಕಾರ ಗುರುತಿಸಿದ ಪ್ರಯೋಗಾಲಯ ಅದಾವ, ಖರೆ. ಆದ್ರ ಕಾಗವಾಡದಾಗ ಅಂಗಡಿ ಸಿಸಿಟಿವಿ, ಉಗಾರದಾಗ ಒಬ್ಬರ ಮೊಬೈಲು, ರಾಯಬಾಗದಾಗ ಒಂದು ಸೊಸಾಯಿಟಿ ಕಂಪ್ಯೂಟರ್, ಇಷ್ಟೂ ಸಾಕ್ಷಿಗೆ ದೊಡ್ಡ ಲ್ಯಾಬಿನವ್ರ ಬಂದು ಬಿ ಭಾಗ ತುಂಬಬೇಕಂದ್ರ ಕೇಸು ಯಾವಾಗ ಮುಗೀಬೇಕು?”

ಆ ನಮೂನೆಯನ್ನು ಒಮ್ಮೆ ಕಣ್ಣಾರೆ ನೋಡಿದವರಿಗೆ ಪ್ರಾಧ್ಯಾಪಕಿಯ ಕಾಳಜಿ ಅರ್ಥವಾಗುತ್ತದೆ. ಸಾಧನ ಯಾವುದು, ಕಂಪ್ಯೂಟರೋ ಮೊಬೈಲೋ ಡಿವಿಆರೋ ಪೆನ್‌ಡ್ರೈವೋ. ಯಾವ ಕಂಪನಿ, ಯಾವ ಮಾಡೆಲ್, ಬಣ್ಣ ಯಾವುದು, ಸೀರಿಯಲ್ ನಂಬರ್ ಎಷ್ಟು, ಐಎಂಇಐ ಎಷ್ಟು ಎಂದೆಲ್ಲ ಕೇಳುತ್ತದೆ. ಕೊನೆಗೆ ಹ್ಯಾಶ್ ಮೌಲ್ಯ. ಎಸ್‌ಎಚ್‌ಎ 1, ಎಸ್‌ಎಚ್‌ಎ 256, ಎಂಡಿ 5, ಇವುಗಳಲ್ಲಿ ಯಾವ ಸೂತ್ರದಿಂದ ತೆಗೆದದ್ದು ಎಂಬುದಕ್ಕೆ ಗುರುತು ಹಾಕಿ ವರದಿಯನ್ನೂ ಲಗತ್ತಿಸಬೇಕು. ಎಸ್‌ಎಚ್‌ಎ 256 ಸೂತ್ರಕ್ಕೆ ಒಂದು ಫೈಲನ್ನು ಕೊಟ್ಟರೆ 64 ಅಕ್ಷರ ಮತ್ತು ಅಂಕಿಗಳ ಸಾಲೊಂದು ಬರುತ್ತದೆ. ಫೈಲು ಒಂದು ಪುಟದ್ದಿರಲಿ, ಎರಡು ಗಂಟೆಯ ವಿಡಿಯೋ ಇರಲಿ, ಸಾಲಿನ ಉದ್ದ ಅಷ್ಟೇ. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ಇಡೀ ಸಾಲು ಬೇರೆಯಾಗುತ್ತದೆ. ಜಪ್ತಿಯಾದ ದಿನ ತೆಗೆದ ಸಾಲು, ವಿಚಾರಣೆಯ ದಿನ ತೆಗೆದ ಸಾಲು ಒಂದೇ ಆಗಿದ್ದರೆ ನಡುವೆ ಯಾರೂ ಕೈಯಾಡಿಸಿಲ್ಲ ಎಂದು ನ್ಯಾಯಾಧೀಶರು ನಂಬಬಹುದು.

ಇದನ್ನು ಕಟಕಟೆಯಲ್ಲಿ ನಿಂತು ಐದು ನಿಮಿಷದಲ್ಲಿ, ಎದುರು ವಕೀಲರ ಅಡ್ಡಸವಾಲಿನ ನಡುವೆ, ತಿಳಿಯುವಂತೆ ಹೇಳಬೇಕು. ಆ ಕಸುಬು ಯಾರಿಗೆ ಹೆಚ್ಚು ಗೊತ್ತು? ದಿನವೂ ಹಿಂದಿನ ಬೆಂಚಿನವರಿಗೆ ತಿಳಿಸಿ ಹೇಳುವವರಿಗೆ. ಈ ಬರಹದ ನಂಬಿಕೆಯೂ ಅದೇ: ಸೈಬರ್ ತನಿಖೆಗೆ ಒಬ್ಬ ಅಧ್ಯಾಪಕ ಕೊಡಬಹುದಾದ ದೊಡ್ಡ ಸಹಾಯ ಪಾಠ ಹೇಳುವ ಶಕ್ತಿ, ಮಿಕ್ಕಿದ್ದೆಲ್ಲ ಆಮೇಲೆ.

“ಇದು ನನ್ನ ತಲಿಯಾಗ ಹುಟ್ಟಿದ್ದಲ್ಲ ಕಾಕಾ,” ಎಂದು ಪ್ರಾಧ್ಯಾಪಕಿ ಹಳೆಯ ಪ್ರಕರಣವೊಂದನ್ನು ತೆಗೆದರು. 2004ರ ಚೆನ್ನೈ. ಮಹಿಳೆಯೊಬ್ಬರ ಹೆಸರಿನಲ್ಲಿ ಯಾಹೂ ಗುಂಪೊಂದರಲ್ಲಿ ಅಶ್ಲೀಲ ಸಂದೇಶ ಹಾಕಿದ ಪ್ರಕರಣ. ಸುಹಾಸ್ ಕಟ್ಟಿ ಪ್ರಕರಣ ಎಂದೇ ಕಾನೂನು ವಿದ್ಯಾರ್ಥಿಗಳಿಗೆ ಪರಿಚಿತ. ಫೆಬ್ರುವರಿಯಲ್ಲಿ ದೂರು, ಅದೇ ವರ್ಷದ ನವೆಂಬರಿನಲ್ಲಿ ಎಗ್ಮೋರ್ ಕೋರ್ಟಿನಿಂದ ಶಿಕ್ಷೆ. ಐಟಿ ಕಾಯ್ದೆ ಬಂದ ಮೇಲೆ ದೇಶದಲ್ಲಿ ಶಿಕ್ಷೆಯವರೆಗೆ ಮುಟ್ಟಿದ ಮೊದಲ ಪ್ರಕರಣಗಳಲ್ಲಿ ಅದು ಒಂದು. ಅಂತರ್ಜಾಲದ ಮೇಲಿದ್ದ ಆ ಪುಟವನ್ನು 65ಬಿ ಪ್ರಕಾರ ಪ್ರಮಾಣೀಕರಿಸಿ, ಕೋರ್ಟಿಗೆ ಬಂದು ತಜ್ಞ ಸಾಕ್ಷಿಯಾಗಿ ನಿಂತವರು ನಾವಿ ಎಂದೇ ಹೆಸರಾದ ನಾ. ವಿಜಯಶಂಕರ್. ಅವರು ಪೊಲೀಸರೂ ಅಲ್ಲ, ಸರ್ಕಾರಿ ಲ್ಯಾಬಿನವರೂ ಅಲ್ಲ. ಸೈಬರ್ ಲಾ ಕಾಲೇಜ್ ಎಂಬ ಸಂಸ್ಥೆ ಕಟ್ಟಿ ಸೈಬರ್ ಕಾನೂನು ಕಲಿಸುತ್ತಿದ್ದವರು.

“ಅದು ಚೆನ್ನೈ. ನಮ್ಮ ಕಡೆ?”

“ನಮ್ಮ ರಾಜ್ಯದಾಗೂ ಅದಾರ. ಮಂಗಳೂರಿನ ಸಹ್ಯಾದ್ರಿ ಇಂಜಿನಿಯರಿಂಗ್ ಕಾಲೇಜಿನ ಡಾ. ಅನಂತ ಪ್ರಭು ಅವರ ಹೆಸರ ಕೇಳೀರೇನು? ಕಂಪ್ಯೂಟರ್ ಸೈನ್ಸ್ ಪ್ರಾಧ್ಯಾಪಕರು. ಪೊಲೀಸ್ ಅಕಾಡೆಮಿಯೊಳಗೂ ಪಾಠ ಮಾಡ್ತಾರ, ನ್ಯಾಯಾಂಗ ಅಕಾಡೆಮಿಯೊಳಗೂ ಮಾಡ್ತಾರ. ಹೆಣ್ಣಮಕ್ಕಳಿಗಂತ ‘ಸೈಬರ್ ಸೇಫ್ ಗರ್ಲ್’ ಅನ್ನೂ ಪುಸ್ತಕ ಬರದಾರ, ಅದನ್ನ ಪುಕ್ಕಟೆ ಓದಾಕ ಬಿಟ್ಟಾರ.”

ಕರ್ನಾಟಕ ಈ ವಿಷಯದಲ್ಲಿ ಬೇಗ ಎಚ್ಚೆತ್ತ ರಾಜ್ಯ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಶುರುವಾದದ್ದು 2001ರಲ್ಲಿ. 2019ರಲ್ಲಿ ಸಿಐಡಿ ಕೇಂದ್ರ ಕಚೇರಿಯಲ್ಲಿ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರ ಎದ್ದು ನಿಂತಿತು. ಇನ್ಫೋಸಿಸ್ ಪ್ರತಿಷ್ಠಾನದ ಹಣ, ಡೇಟಾ ಸೆಕ್ಯುರಿಟಿ ಕೌನ್ಸಿಲ್‌ನ ಪರಿಣತಿ, ಪೊಲೀಸರ ಜಾಗ. ಅಲ್ಲಿ ಪೊಲೀಸರಷ್ಟೇ ಅಲ್ಲ, ಸರ್ಕಾರಿ ಅಭಿಯೋಜಕರು, ನ್ಯಾಯಾಧೀಶರು ಕೂಡ ವಿದ್ಯಾರ್ಥಿಗಳಾಗಿ ಕೂರುತ್ತಾರೆ. 2025ರಲ್ಲಿ ರಾಜ್ಯಕ್ಕೇ ಒಂದು ಸೈಬರ್ ಕಮಾಂಡ್ ಘಟಕ ಬಂತು. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಬೆಂಗಳೂರಿನಿಂದ ಧಾರವಾಡದವರೆಗೆ ದಾರಿ ಬಂದಿದೆ. ಅಲ್ಲಿಂದ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಈ ಐದು ತಾಲ್ಲೂಕಿಗೆ ಬರಬೇಕಾದ ಕೊನೆಯ ಹರದಾರಿಯ ಬಗ್ಗೆಯೇ ಈ ಇಬ್ಬರ ಜಗಳ.

ಕಾಕಾ ಸುಮ್ಮನಾಗಲಿಲ್ಲ. “ಪೊಲೀಸ್ರು ಕೇಳಿದ ಮ್ಯಾಲೆ ಬರೂದು ಬ್ಯಾರೆ. ತಾನಾ ಬೆನ್ನ ಹತ್ತೂದು ಬ್ಯಾರೆ. ಕಲಿಸವ್ರಿಗೆ ಒಮ್ಮೆ ರುಚಿ ಹತ್ತಿತಂದ್ರ ತಾವ ಪತ್ತೇದಾರ ಆಗ್ತಾರ.”

ಪ್ರಾಧ್ಯಾಪಕಿ ನಕ್ಕು, ಹಾಗೆ ಬೆನ್ನು ಹತ್ತಿದ ಒಬ್ಬರ ಕಥೆಯನ್ನೇ ಹೇಳಿದರು. 1986ರ ಆಗಸ್ಟ್. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಶಾಸ್ತ್ರಜ್ಞರಿಗೆ ಕಂಪ್ಯೂಟರ್ ವಿಭಾಗದ ಕೆಲಸ ಹಚ್ಚಿದ್ದರು. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಒಂದು ಡಾಲರಿಗೂ ಕಡಿಮೆ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ, ಸ್ಟಾಲ್ ಬಿಡಲಿಲ್ಲ. ಹುಡುಕುತ್ತ ಹೋದಂತೆ ಯಾರೋ ಹೊರಗಿನವರು ಒಳನುಗ್ಗಿ, ಅಲ್ಲಿಂದ ಅಮೆರಿಕದ ಸೇನೆಯ ಕಂಪ್ಯೂಟರುಗಳ ಬಾಗಿಲು ತಟ್ಟುತ್ತಿರುವುದು ಕಂಡಿತು. ಎಫ್‌ಬಿಐಗೆ ಹೇಳಿದರೆ, ಕಳೆದದ್ದು 75 ಸೆಂಟ್ ತಾನೆ ಎಂದು ಮೊದಮೊದಲು ಕಿವಿಗೊಡಲಿಲ್ಲ. ಸ್ಟಾಲ್ ತಿಂಗಳುಗಟ್ಟಲೆ ಒಳಬಂದವನ ಪ್ರತಿ ಹೆಜ್ಜೆಯನ್ನೂ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿ, ದಿನಚರಿ ಬರೆದಿಟ್ಟರು. ಅವನನ್ನು ಹೆಚ್ಚು ಹೊತ್ತು ಲೈನಿನಲ್ಲಿ ಹಿಡಿದಿಡಲು ಸುಳ್ಳು ಕಡತಗಳನ್ನು ಹೂಡಿದರು. ದಾರಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ನಿಂತಿತು. ಸಿಕ್ಕವನು ಮಾರ್ಕಸ್ ಹೆಸ್. ಮಾಹಿತಿ ಹೋಗುತ್ತಿದ್ದದ್ದು ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಗೆ. 1989ರಲ್ಲಿ ಸ್ಟಾಲ್ ಈ ಕಥೆಯನ್ನು ಪುಸ್ತಕ ಮಾಡಿದರು.

“ನೋಡು, ನಾ ಹೇಳಿದ್ದ ಆತು. ತಾನಾ ಬೆನ್ನ ಹತ್ತ್ಯಾನ.”

“ಹತ್ತ್ಯಾರ ಕಾಕಾ. ಆದ್ರ ಹಿಡದದ್ದು ಅವ್ರಲ್ಲ, ಜರ್ಮನಿ ಪೊಲೀಸ್ರು. ಫೋನಿನ ಲೈನ್ ಪತ್ತೆ ಹಚ್ಚಿದ್ದು ಅಲ್ಲಿನ ಅಂಚೆ ಇಲಾಖೆ. ಅವ್ರು ಕೊಟ್ಟದ್ದು ದಿನಚರಿ. ಯಾವ ದಿನ, ಎಷ್ಟು ಗಂಟೆಗೆ, ಏನ ಕಂಡಿತು. ನೀವು ಕೇಸ್ ಡೈರಿ ಬರೀತಿದ್ರಲ್ಲಾ, ಹಂಗ.”

ಕೇಸ್ ಡೈರಿಯ ಮಾತು ಕಾಕಾನಿಗೆ ತಟ್ಟಿತು. ಆದರೂ ಅವರ ಬಳಿ ಇನ್ನೂ ಬಲವಾದ ಆಕ್ಷೇಪ ಒಂದಿತ್ತು, ಅದು ಪಕ್ಕದ ಮಹಾರಾಷ್ಟ್ರದ್ದು. ಪುಣೆ ಪೊಲೀಸರು 2018ರಲ್ಲಿ ಬಿಟ್‌ಕಾಯಿನ್ ವಂಚನೆಯ ದೊಡ್ಡ ಪ್ರಕರಣವೊಂದರಲ್ಲಿ ಹೊರಗಿನ ಇಬ್ಬರು ಸೈಬರ್ ತಜ್ಞರ ನೆರವು ಪಡೆದಿದ್ದರು. 2022ರ ಮಾರ್ಚಿನಲ್ಲಿ ಅದೇ ಪೊಲೀಸರು ಆ ಇಬ್ಬರನ್ನೇ ಬಂಧಿಸಿದರು. ತನಿಖೆಗೆಂದು ಕೈಗೆ ಬಂದ ಖಾತೆಗಳಿಂದ ಕ್ರಿಪ್ಟೋ ನಾಣ್ಯಗಳನ್ನು ತಮ್ಮ ಕಡೆ ತಿರುಗಿಸಿಕೊಂಡರು ಎಂಬುದು ಆರೋಪ. ನಮ್ಮಲ್ಲೂ ಅಂಥದ್ದೇ ನಡೆದಿದೆ. ಬೆಂಗಳೂರಿನ ಬಿಟ್‌ಕಾಯಿನ್ ಹಗರಣ ತನಿಖೆ ಮಾಡುತ್ತಿದ್ದ ಎಸ್‌ಐಟಿ, 2024ರ ಜನವರಿಯಲ್ಲಿ ಒಬ್ಬ ಇನ್‌ಸ್ಪೆಕ್ಟರನ್ನೂ ಒಬ್ಬ ಖಾಸಗಿ ಸೈಬರ್ ತಜ್ಞರನ್ನೂ ಬಂಧಿಸಿತು. ಸಾಕ್ಷ್ಯ ತಿರುಚಿದರೆಂಬ ಆರೋಪ.

“ಅದಕ ಹೇಳ್ತೀನಿ. ಹೊರಗಿನವ್ರ ಕೈಯಾಗ ಕೀಲಿ ಕೊಡಬಾರದು.”

ಪ್ರಾಧ್ಯಾಪಕಿ ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಆ ಎರಡು ಪ್ರಕರಣಗಳಲ್ಲಿ ಕೋರ್ಟು ಏನೇ ಹೇಳಲಿ, ಅಪಾಯ ಮಾತ್ರ ನಿಜ. ಠಾಣೆಯಲ್ಲಿ ಯಾರಿಗೂ ಬಾರದ ವಿದ್ಯೆ ಒಬ್ಬರಿಗೇ ಗೊತ್ತಿದ್ದು, ಅವರು ಮಾಡಿದ್ದನ್ನು ಪರೀಕ್ಷಿಸಲು ಇನ್ನೊಬ್ಬರು ಇಲ್ಲದಿದ್ದರೆ, ಒಳ್ಳೆಯವರ ಮೇಲೂ ಸಂಶಯ ಬರುತ್ತದೆ.

“ಕೀಲಿ ನನಗ ಬ್ಯಾಡ ಕಾಕಾ,” ಎಂದರು ಕೊನೆಗೆ. “ಮೂಲ ಫೋನು ನನ್ನ ಕಾಲೇಜಿಗೆ ಬರಬಾರದು. ನಾ ಠಾಣೇಕ ಬರ್ತೀನಿ, ತನಿಖಾಧಿಕಾರಿ ಮುಂದ ಕುಂಡ್ರತೀನಿ. ಪ್ರತಿ ತಗಿಯೂ ಮೊದಲು ಒಮ್ಮೆ ಹ್ಯಾಶ್, ತಗದ ಮ್ಯಾಲೆ ಒಮ್ಮೆ ಹ್ಯಾಶ್. ಎರಡೂ ಪಂಚನಾಮೆದಾಗ ಬರೀಬೇಕು, ಪಂಚರ ಸಹಿ ಆಗಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಜಪ್ತಿ ಮಾಡೂದನ್ನ ವಿಡಿಯೋ ಮಾಡಬೇಕಲ್ಲಾ, ಅದರಾಗ ನನ್ನ ಕೈಯೂ ಕಾಣ್ಲಿ. ಪಾಸ್‌ವರ್ಡ್, ಖಾತೆ, ವ್ಯಾಲೆಟ್ ಯಾವುದೂ ನನ್ನ ಹೆಸರಿನ್ಯಾಗ, ನನ್ನ ಕಂಪ್ಯೂಟರಿನ್ಯಾಗ ಇರಬಾರದು. ಲಿಖಿತ ಆದೇಶ ಇಲ್ಲದ ಒಂದು ಪೆನ್‌ಡ್ರೈವ್‌ನೂ ನಾ ಮುಟ್ಟೂದಿಲ್ಲ.”

“ಫೋನ್ ಮಾಡಿ ‘ಸ್ವಲ್ಪ ನೋಡ್ರಿ ಮೇಡಂ’ ಅಂದ್ರ?”

“ಅದಕ್ಕೂ ಪತ್ರ ಬೇಕು ಅಂತೀನಿ. ಸಿಟ್ಟಾದ್ರ ಆಗ್ಲಿ.”

ಕಾಕಾ ಮೀಸೆಯಡಿ ನಕ್ಕರು. ಇಲಾಖೆಯಲ್ಲಿ ಇಷ್ಟು ವರ್ಷ ಇದ್ದವರಿಗೆ ಪತ್ರ ಕೇಳುವವರ ಮೇಲೆ ಸಿಟ್ಟು ಬರುತ್ತದೆ, ಗೌರವವೂ ಬರುತ್ತದೆ.

ಮಾತು ಊರಿನ ಕಡೆ ಹೊರಳಿದಾಗ ಇಬ್ಬರ ದನಿಯೂ ಬದಲಾಯಿತು. 2025ರ ಮಾರ್ಚಿನಲ್ಲಿ ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ವೃದ್ಧ ದಂಪತಿ ಪ್ರಾಣ ಕಳೆದುಕೊಂಡರು. ಅಧಿಕಾರಿಗಳೆಂದು ಹೇಳಿಕೊಂಡವರು ಫೋನಿನಲ್ಲಿ ಬೆದರಿಸಿ, ನಿಮ್ಮ ಹೆಸರಿನಲ್ಲಿ ಅಕ್ರಮ ನಡೆದಿದೆ ಎಂದು ನಂಬಿಸಿ 50 ಲಕ್ಷಕ್ಕೂ ಹೆಚ್ಚು ಹಣ ಕಿತ್ತಿದ್ದರು. ಹಣ ಮುಗಿದರೂ ಬೆದರಿಕೆ ಮುಗಿಯಲಿಲ್ಲ. ಇದಕ್ಕೆ ಕೆಲವು ತಿಂಗಳ ಹಿಂದೆ, 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ‘ಡಿಜಿಟಲ್ ಅರೆಸ್ಟ್’ ಬಗ್ಗೆ ಎಚ್ಚರಿಸಿದ್ದರು. ಅಂದು ಉದಾಹರಣೆಗೆ ಕೇಳಿಸಿದ ಸಂಭಾಷಣೆ ಅಥಣಿಯ ಪಕ್ಕದ ಜಿಲ್ಲೆ ವಿಜಯಪುರದ ವ್ಯಕ್ತಿಯೊಬ್ಬರದು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು ದೇಶಕ್ಕೆಲ್ಲ ಕೇಳುವಂತೆ ಹೇಳಿಯಾಗಿತ್ತು. ಆ ಮಾತು ಬೀಡಿಯ ಆ ಮನೆಯನ್ನು ಕಾಯಲಿಲ್ಲ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಸೈಬರ್ ವಂಚನೆಯಲ್ಲಿ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ. 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು.

“ನಮ್ಮ ಮಂದಿಗೆ ರೊಕ್ಕ ಬರೂ ಹೊತ್ತು ಅವರಿಗೆ ಗೊತ್ತಿರತೈತಿ,” ಎಂದರು ಕಾಕಾ. “ಕಬ್ಬಿನ ಬಿಲ್ಲು ಬ್ಯಾಂಕಿಗೆ ಜಮಾ ಆಗೂ ಹೊತ್ತು, ಗೃಹಲಕ್ಷ್ಮಿ ಎರಡ ಸಾವಿರ ಬರೂ ಹೊತ್ತು.”

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬು ಬೆಳೆಗಾರ, ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಗಳು, ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವ ಕುಶಲಕರ್ಮಿ, ಇವರೆಲ್ಲರ ದುಡಿಮೆ ಈಗ ಮೊಬೈಲಿನ ಮೇಲೆ ಓಡಾಡುತ್ತದೆ. ವಾಟ್ಸ್‌ಆ್ಯಪಿಗೆ ಲಗ್ನಪತ್ರಿಕೆ ಎಂದು, ಪಿಎಂ ಕಿಸಾನ್ ಎಂದು, ವಾಹನದ ದಂಡದ ಚಲನ್ ಎಂದು ಫೈಲೊಂದು ಬರುತ್ತದೆ; ಹೆಸರಿನ ತುದಿಗೆ ಎಪಿಕೆ ಎಂದಿರುತ್ತದೆ. ಒತ್ತಿದರೆ ಅದು ಆ್ಯಪ್ ಆಗಿ ಕೂತು, ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿ ಮಾಲೀಕ ನೋಡುವ ಮೊದಲೇ ದೂರದಲ್ಲಿ ಕೂತವನ ಕೈ ಸೇರುತ್ತದೆ.

ಆಮೇಲಿನದೆಲ್ಲ ಗಡಿಯಾರದ ಜೊತೆ ಓಟ. 1930ಕ್ಕೆ ಫೋನು ಮಾಡಿದರೆ ದೂರು ನೇರ ಬ್ಯಾಂಕಿನ ವ್ಯವಸ್ಥೆಗೆ ಹೋಗುತ್ತದೆ; ಹಣ ಎದುರಿನ ಖಾತೆಯಲ್ಲೇ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ. 2021ರಲ್ಲಿ 155260 ಎಂದು ಶುರುವಾದ ಸಹಾಯವಾಣಿ ಮರುವರ್ಷ ಈ ಚಿಕ್ಕ ಸಂಖ್ಯೆಗೆ ಬಂತು. ಆದರೆ ಕಳ್ಳರು ಹಣವನ್ನು ಒಂದು ಖಾತೆಯಲ್ಲಿ ನಿಲ್ಲಿಸುವುದಿಲ್ಲ. ಮೊದಲನೆಯದರಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ಒಡೆದು, ಎಲ್ಲೋ ಎಟಿಎಮ್ಮಿನಿಂದ ತೆಗೆಯುತ್ತಾರೆ.

“ಠಾಣೇಕ ಬಂದವ್ರನ್ನ ‘ಬೆಳಗಾವಿಗೆ ಹೋಗ್ರಿ, ಸೈಬರ್ ಕೇಸ್ ನೋಡೂ ಸಿಇಎನ್ ಠಾಣೆ ಅಲ್ಲೈತಿ’ ಅಂತ ಕಳಿಸಿದ್ರ ಅರ್ಧಾ ದಿನ ಹೋತು,” ಎಂದರು ಪ್ರಾಧ್ಯಾಪಕಿ. “ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರ್ ಮ್ಯಾಲೆ ಐತಿ. ಬಸ್ಸು ಹತ್ತೂ ಮೊದಲು 1930ಕ್ಕೆ ಹಚ್ಚಿಸಬೇಕು. ಬ್ಯಾಂಕಿನ ಮೆಸೇಜಿನ್ಯಾಗ ವ್ಯವಹಾರದ ಯುಟಿಆರ್ ನಂಬರ್ ಇರ್ತೈತಿ, ಅದನ್ನ ಬರಕೊಬೇಕು. ಆ ಒಂದು ನಂಬರ್ ತಪ್ಪಿದ್ರ ರೊಕ್ಕದ ಬೆನ್ನ ಹತ್ತೂದ ಆಗೂದಿಲ್ಲ.”

“ಪಿಎಸ್‌ಐಗೆ ಐಟಿ ಕಾಯ್ದೆ ತನಿಖೆ ಮಾಡೂ ಅಧಿಕಾರ ಇಲ್ಲಲ್ಲವಾ. 78ನೇ ಕಲಂ. ಇನ್‌ಸ್ಪೆಕ್ಟರ್ ಬೇಕು.”

“ತನಿಖೆಗೆ ಬೇಕು ಕಾಕಾ. ಫೋನ್ ಹಚ್ಚಾಕ ಯಾರಾದ್ರೂ ಸಾಕು. ಇದನ್ನ ಕಲಸಾಕ ನಾ ಬರ್ತೀನಿ ಅನ್ನೂದು.”

ಗಡಿಯ ಗೋಜಲು ಬೇರೆ. ಕಾಗವಾಡದವರ ದವಾಖಾನೆ ಮಿರಜ್‌ನಲ್ಲಿ, ನಿಪ್ಪಾಣಿಯವರ ಸಂತೆ, ಬ್ಯಾಂಕು ಕೊಲ್ಹಾಪುರದಲ್ಲಿ. ಹಣ ಹೋದದ್ದು ಮಹಾರಾಷ್ಟ್ರದ ಬ್ಯಾಂಕಿನಿಂದ, ಫೋನು ಬಂದಾಗ ಮನುಷ್ಯ ಕೂತಿದ್ದು ಕರ್ನಾಟಕದ ಹೊಲದಲ್ಲಿ. ಯಾವ ಠಾಣೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಈಗ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ: ಎಲ್ಲಿ ನಡೆದ ಅಪರಾಧವಾದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ಆಮೇಲೆ ಸಂಬಂಧಪಟ್ಟ ಠಾಣೆಗೆ ವರ್ಗವಾಗುತ್ತದೆ. ಮರಾಠಿಯಲ್ಲಿ ಅಳುತ್ತ ಬಂದ ಅಜ್ಜಿಗೆ ಇದನ್ನು ಮರಾಠಿಯಲ್ಲಿ, ಕನ್ನಡದಲ್ಲಿ ಬರೆದುಕೊಳ್ಳುವ ರೈಟರಿಗೆ ಕನ್ನಡದಲ್ಲಿ ಹೇಳಬಲ್ಲ ತಜ್ಞರು ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಈ ಐದು ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ಯಾವ ಅಧ್ಯಾಪಕರಿಗೂ ಅದು ದಿನದ ಮಾತು.

ಇಲ್ಲಿಗೆ ಕಾಕಾ ಅರ್ಧ ಒಪ್ಪಿದಂತೆ ಕಂಡರು. “ಆತು. ನಿನ್ನ ಹುಡುಗರನ್ನೂ ಕರಕೊಂಡ ಬಾ ಮತ್ತ. ಕೆಲಸಾ ಕಲೀತಾರ.”

“ಹುಡುಗರನ್ನ ಬ್ಯಾಡ.”

“ಯಾಕ? ಪರದೇಶದಾಗ ಮಾಡ್ತಾರಂತ ನೀನ ಹೇಳಿದ್ದಿ.”

ಹೇಳಿದ್ದು ನಿಜ. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಸೈಬರ್ ವಿಧಿವಿಜ್ಞಾನ ಕಟ್ಟಿದ ಮಾರ್ಕಸ್ ರಾಜರ್ಸ್, ಅಧ್ಯಾಪಕರಾಗುವ ಮೊದಲು ಕೆನಡಾದ ವಿನಿಪೆಗ್ ನಗರದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವರು. ಅಲ್ಲಿನ ಟಿಪ್ಪೆಕನೂ ಕೌಂಟಿಯ ಅಭಿಯೋಜಕರ ಕಚೇರಿ ವಿಶ್ವವಿದ್ಯಾಲಯದೊಂದಿಗೆ ಸೇರಿ ಹೈಟೆಕ್ ಅಪರಾಧ ಘಟಕ ನಡೆಸುತ್ತದೆ, ವಿದ್ಯಾರ್ಥಿಗಳೂ ಅದರಲ್ಲಿ ದುಡಿಯುತ್ತಾರೆ.

“ಅಲ್ಲಿ ಅದಕ್ಕಂತ ವ್ಯವಸ್ಥಾ ಐತಿ. ಇಲ್ಲಿ ನನ್ನ ಹುಡುಗರು ಇದ ಊರಿನವ್ರು. ಜಪ್ತಿ ಮಾಡಿದ ಫೋನಿನ್ಯಾಗ ಅವರ ಓಣಿ ಹುಡುಗಿ ಫೋಟೋ ಇರಬಹುದು, ಅವರ ಮಾವನ ಮೆಸೇಜ್ ಇರಬಹುದು. ಒಬ್ಬಂವ ಹೊರಗ ಬಾಯಿ ಬಿಟ್ಟಾ ಅಂದ್ರ ಆ ಹುಡುಗಿ ಬಾಳೇ ಹೋತು. ಕಲಿಯಾಕ ನಾನ ಸುಳ್ಳ ಕೇಸ್ ತಯಾರ ಮಾಡಿ ಕೊಡ್ತೀನಿ, ನನ್ನ ಹಳೇ ಫೋನಿನ್ಯಾಗ.”

ವಿಟಿಯು 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದ ಎಲ್ಲ ವಿಭಾಗದವರೂ ಆಯ್ದುಕೊಳ್ಳಬಹುದಾದಂತೆ ಸೈಬರ್ ಭದ್ರತೆಯ ಪರಿಚಯ ಎಂಬ ವಿಷಯವನ್ನು ಇಟ್ಟಿತು. ಕಾಲೇಜುಗಳಲ್ಲಿ ತಿಂಗಳ ಮೊದಲ ಬುಧವಾರ ಸೈಬರ್ ಜಾಗರೂಕತಾ ದಿನವನ್ನೂ ಆಚರಿಸಬೇಕು. ಪಾಠಕ್ಕೆ ಜಾಗ ಇದೆ. ಪ್ರಾಧ್ಯಾಪಕಿಗೆ ನಿದ್ದೆಗೆಡಿಸುವ ಸಂಗತಿ ಮಾತ್ರ ಪಠ್ಯದಲ್ಲಿಲ್ಲ, ತರಗತಿಯಲ್ಲೇ ಇದೆ.

ಕದ್ದ ಹಣ ಹಾಯುವ ಖಾತೆಗಳು ಯಾರವು? ಬಹಳಷ್ಟು ಸಲ ಕಾಲೇಜು ಹುಡುಗರವು. ಪಾಸ್‌ಬುಕ್, ಎಟಿಎಂ ಕಾರ್ಡ್, ಖಾತೆಗೆ ಜೋಡಿಸಿದ ಸಿಮ್ ಇಷ್ಟನ್ನೂ ಕೆಲವು ಸಾವಿರಕ್ಕೆ ಬಾಡಿಗೆ ಕೊಡುವವರು. ಕಬ್ಬಿನ ಬಿಲ್ಲು ತಡವಾದ ಮನೆಯ ಹುಡುಗನಿಗೆ ಅದು ಒಂದು ಸೆಮಿಸ್ಟರಿನ ರೂಮ್ ಬಾಡಿಗೆ. ತಾನು ಏನನ್ನು ಮಾರಿದೆ ಎಂಬುದು ಗೊತ್ತಾಗುವುದು ದೂರದ ಯಾವುದೋ ರಾಜ್ಯದ ಪೊಲೀಸರಿಂದ ನೋಟಿಸು ಬಂದಾಗ.

“ಅಂಥಾ ಹುಡುಗ ನಿನ್ನ ಕಡೆ ಬಂದು ‘ಮೇಡಂ, ಹಿಂಗ ಮಾಡೀನಿ’ ಅಂದ್ರ?” ಕಾಕಾ ದನಿ ತಗ್ಗಿಸಿ ಕೇಳಿದರು. “ಆವಾಗ ನೀ ಮಾಸ್ತರೋ, ಪೊಲೀಸೋ?”

ಈ ಪ್ರಶ್ನೆಗೆ ಪ್ರಾಧ್ಯಾಪಕಿ ಬಹಳ ದಿನದಿಂದ ತಯಾರಾಗಿದ್ದರು.

“ಸೆಮಿಸ್ಟರ್ ಶುರುವಾದ ದಿನಾನ ಹೇಳ್ತೀನಿ, ನಾ ಪೊಲೀಸರ ಜೋಡಿ ಕೆಲಸಾ ಮಾಡ್ತೀನಿ ಅಂತ. ಬೋರ್ಡ್ ಮ್ಯಾಲೆ ಬರೀತೀನಿ. ಗೊತ್ತಿದ್ದ ಬರ್ಲಿ ಅಂವ. ಬಂದ್ರ ನಾ ಮುಚ್ಚಿ ಇಡೂದಿಲ್ಲ, ಅಳಿಸಿ ಹಾಕಾಕ ದಾರಿ ತೋರ್ಸೂದಿಲ್ಲ. ಬೆನ್ನ ಹಿಂದ ಠಾಣೇಕ ಫೋನೂ ಮಾಡೂದಿಲ್ಲ. ಇವತ್ತ ಬ್ಯಾಂಕಿಗೆ ಬರವಣಿಗಿಯಾಗ ಹೇಳು, ಖಾತೆ ನಿಲ್ಲಿಸು. ಅಪ್ಪಗ ಹೇಳು. ವಕೀಲರನ್ನ ಕರಕೊಂಡು ನೀನ ಠಾಣೇಕ ಹೋಗು. ಹೋಗೂತನಕ ನಾ ಬೆನ್ನ ಹತ್ತಿ ಕೇಳ್ತಿರ್ತೀನಿ. ಮತ್ತ ನಮ್ಮ ಕಾಲೇಜಿನ ಹುಡುಗ ಆರೋಪಿ ಇದ್ದ ಕೇಸಿನ್ಯಾಗ ಬಿ ಭಾಗಕ್ಕ ನಾ ಸಹಿ ಹಾಕೂದಿಲ್ಲ. ಇದನ್ನ ಎಸ್‌ಪಿ ಸಾಹೇಬ್ರಿಗೆ ಮೊದಲ ಬರದ ಕೊಡ್ತೀನಿ.”

“ಬೋರ್ಡ್ ಮ್ಯಾಲೆ ಬರದ್ರ ಹುಡುಗರು ನಿನ್ನ ಕಡೆ ಬರೂದ ನಿಲ್ಲಸ್ತಾರ.”

“ಕೆಲವ್ರು ನಿಲ್ಲಸ್ತಾರ. ಅದು ನಷ್ಟಾನ. ಆದ್ರ ಹೇಳದ ಇದ್ದು ಒಂದಿನ ಗೊತ್ತಾದ್ರ ಯಾರೂ ಬರೂದಿಲ್ಲ.”

ಕಾಕಾ ಇದನ್ನು ಒಪ್ಪಲಿಲ್ಲ. ಹುಡುಗ ನಂಬಿ ಬಂದದ್ದು ಗುರುವಿನ ಹತ್ತಿರ, ಅಲ್ಲಿ ಖಾಕಿಯ ನೆರಳೂ ಬೀಳಬಾರದು ಎಂಬುದು ಅವರ ವಾದ. ಇಡೀ ಆಯುಷ್ಯ ಖಾಕಿ ಹಾಕಿದವರ ಬಾಯಲ್ಲಿ ಬಂದ ಮಾತು ಎಂಬುದರಿಂದ ಅದಕ್ಕೆ ತೂಕ ಹೆಚ್ಚು. ಪ್ರಾಧ್ಯಾಪಕಿಯೂ ತಮ್ಮ ಮಾತು ಬಿಡಲಿಲ್ಲ. ಈ ಒಂದು ಗಂಟು ಬಿಚ್ಚದೆಯೇ ಉಳಿಯಿತು, ಇಬ್ಬರೂ ಅದನ್ನು ಬಿಚ್ಚಿದಂತೆ ನಟಿಸಲೂ ಇಲ್ಲ.

“ಆತು, ತರಬೇತಿ ಅಂದ್ರ ಮೊದಲ ದಿನ ಏನ ಮಾಡಸ್ತಿ? ಪ್ರೊಜೆಕ್ಟರ್ ಹಚ್ಚಿ ನಿದ್ದಿ ಬರಸ್ತಿ?”

“ಪ್ರೊಜೆಕ್ಟರ್ ಇಲ್ಲ. ಎಲ್ಲಾರ ಕೈಯಾಗೂ ಆ ನಮೂನೆ ಕೊಡ್ತೀನಿ. ತಮ್ಮ ಸ್ವಂತ ಫೋನಿನ್ಯಾಗಿನ ಒಂದು ಫೋಟೋಕ್ಕ ಎ ಭಾಗ ತಾವ ತುಂಬಬೇಕು. ಐಎಂಇಐ ಹುಡುಕಬೇಕು, ಹ್ಯಾಶ್ ತಗೀಬೇಕು. ಆಮ್ಯಾಲೆ ಫೋಟೋದ ಮೂಲಿ ಚೂರು ಕತ್ತರಿಸಿ ಮತ್ತೊಮ್ಮೆ ಹ್ಯಾಶ್ ತಗಿ ಅಂತೀನಿ. 64 ಅಕ್ಷರದ ಸಾಲು ಬ್ಯಾರೆ ಆದದ್ದನ್ನ ಅವ್ರು ಕಣ್ಣಿಂದ ನೋಡಬೇಕು. ಮಧ್ಯಾಹ್ನ 1930ಕ್ಕೆ ಏನೇನ ಹೇಳಬೇಕು ಅಂತ ಒಬ್ಬರು ದೂರು ಕೊಡವ್ರಾಗಿ, ಒಬ್ಬರು ಬರಕೊಳ್ಳವ್ರಾಗಿ. ಕನ್ನಡದಾಗ ಒಮ್ಮೆ, ಮರಾಠಿಯೊಳಗ ಒಮ್ಮೆ.”

“ಠಾಣೆಗೆ ಎಷ್ಟ ಮಂದಿ ಕಳಸಂತ ಹೇಳ್ತಿ?”

“ಇಬ್ಬರು. ಒಬ್ಬರು ಸ್ಟೇಷನ್ ರೈಟರ್. ಇನ್ನೊಬ್ಬರು ರಾತ್ರಿ ಫೋನ್ ಎತ್ತವ್ರು.”

ಕಾಕಾ ತಲೆಯಾಡಿಸಿದರು. “ರಾತ್ರಿ ಫೋನ್ ಎತ್ತವ್ರನ್ನ ತರಬೇತಿಗೆ ಯಾರೂ ಕಳಸೂದಿಲ್ಲ. ಮರುದಿನ ಅವ್ರಿಗೆ ರಜಾ ಇರ್ತೈತಿ. ಅದನ್ನ ಪತ್ರದಾಗ ಬಿಡಿಸಿ ಬರಿ, ‘ರಾತ್ರಿ ಪಾಳಿಯವರು’ ಅಂತ. ಕೊಡಿಲ್ಲಿ, ನಾ ಬರದ ಕೊಡ್ತೀನಿ. ಇಲಾಖೆಗೆ ಹೆಂಗ ಬರೀಬೇಕು ನಿನಗ ಗೊತ್ತಿಲ್ಲ.”